ಸನ್ನಿವೇಲ್ ಮನೆ ಮಾರಾಟ: ಶಾಂಘೈ ಗಿರಾಕಿಗೆ ಕೊಡೋದಾ, ಅಲ್ಲೇ ಇರುವವರಿಗಾ?

ಹೇಮಾವತಿ_ತೀರ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾವು 2023ರ ನವೆಂಬರ್‌ನಲ್ಲಿ ಅಮೆರಿಕದಿಂದ ವಾಪಸ್ ಬಂದು ಮಾವನವರ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇವೆ. ನಮ್ಮನೆಯವರು ಹೆಚ್-1ಬಿ ವೀಸಾದಲ್ಲಿದ್ದರು, ಗ್ರೀನ್ ಕಾರ್ಡ್ ಸರದಿ ಬರಲೇ ಇಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ 2012ರಲ್ಲಿ 9 ಲಕ್ಷ ಡಾಲರ್ ಕೊಟ್ಟು ತಗೊಂಡ ಮನೆ ಇದೆ. ಇಬ್ಬರ ಹೆಸರಲ್ಲೂ ಇದೆ. ಬರುವ ದಿನದವರೆಗೂ ನಾವೇ ಅದರಲ್ಲಿದ್ದೆವು. ಆಮೇಲೆ ಬಾಡಿಗೆಗೆ ಕೊಟ್ಟಿದ್ದೆವು. ಈಗ 60 ದಿನ ಮುಂಚೆ ನೋಟಿಸ್ ಕೊಟ್ಟು ಬಿಡಿಸಿ, ಬಣ್ಣ ಹೊಡೆಸಿ, ಮಾರಾಟಕ್ಕೆ ಇಟ್ಟಿದ್ದೇವೆ.

ಈ ವರ್ಷ, 2025ರಲ್ಲಿ, ಹಾಸನಾಂಬೆ ದರ್ಶನ ಮುಗಿದ ಮೇಲೆ ಎರಡು ಆಫರ್ ಬಂತು. ಒಂದು ಶಾಂಘೈನ ಕುಟುಂಬದ್ದು. ಮಗಳು ಅಮೆರಿಕದಲ್ಲೇ ಓದುತ್ತಿದ್ದಾಳೆ, ಅವಳಿಗಾಗಿ ಮನೆ. 21.2 ಲಕ್ಷ ಡಾಲರ್, ಸಾಲ ಇಲ್ಲ, ಪೂರ್ತಿ ನಗದು. ಆದರೆ ದುಡ್ಡು ಒಟ್ಟು ಮಾಡೋಕೆ 75 ದಿನ ಬೇಕಂತೆ. ಇನ್ನೊಂದು ಸನ್ನಿವೇಲ್‌ನಲ್ಲೇ ಕೆಲಸ ಮಾಡುವ ಗಂಡ ಹೆಂಡತಿಯದ್ದು. 20.4 ಲಕ್ಷ, ಬ್ಯಾಂಕ್ ಸಾಲದ ಪೂರ್ವ ಒಪ್ಪಿಗೆ ಕೈಯಲ್ಲಿದೆ, 30 ದಿನದಲ್ಲಿ ಮುಗಿಸುತ್ತೇವೆ ಅಂತಾರೆ.

80 ಸಾವಿರ ಡಾಲರ್ ವ್ಯತ್ಯಾಸ. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 70 ಲಕ್ಷ. ಅಲ್ಲಿನ ಏಜೆಂಟ್ ಜಾಸ್ತಿ ಬೆಲೆಯವರಿಗೇ ಕೊಡಿ ಅಂತಾನೆ. ಯಾಕೋ ಮನಸ್ಸು ಒಪ್ಪುತ್ತಿಲ್ಲ. ಅರೇಬಿಕಾ ಹಣ್ಣು ಕುಯ್ಲು ಶುರುವಾಗಿದೆ, ಯಜಮಾನರು ಬೆಳಗ್ಗೆ ಆಳುಗಳ ಜೊತೆ ಹೋದರೆ ಪಲ್ಪರ್ ನಿಲ್ಲಿಸಿದ ಮೇಲೇ ಮನೆಗೆ ಬರೋದು. ಕಾಗದದ ಕೆಲಸ ಪೂರ್ತಿ ನನ್ನದೇ. ಮಾರಿದ ಅನುಭವ ಇರುವವರು ದಯವಿಟ್ಟು ಹೇಳಿ.

ಕೊಪ್ಪದ_ಅಡಿಕೆ (ಚಿಕ್ಕಮಗಳೂರು)

ನಗದು ಅಂದಮೇಲೆ ಯೋಚನೆ ಏನಕ್ಕೆ? ಬ್ಯಾಂಕ್ ಸಾಲ ಅಂದರೆ ಕೊನೆ ಗಳಿಗೆಯಲ್ಲಿ ಕೈಕೊಡಬಹುದು. ಮನೆ ಬೆಲೆ ಅಷ್ಟಿಲ್ಲ ಅಂತ ಬ್ಯಾಂಕಿನವರು ಹೇಳಿದರೆ ಆಯಿತು, ಮತ್ತೆ ಚೌಕಾಸಿ. 70 ಲಕ್ಷ ಅಂದರೆ ಸಣ್ಣ ಮೊತ್ತ ಅಲ್ಲ ಅಕ್ಕ. ನಮ್ಮ ಕಡೆ ಅಷ್ಟಕ್ಕೆ ಒಂದೊಳ್ಳೆ ಮನೆ ಕಟ್ಟಬಹುದು.

ಹಾಸನ_ಲೆಕ್ಕಿಗ

ಮೇಡಂ, ನಾನು ಹಾಸನದಲ್ಲಿ ಲೆಕ್ಕಪರಿಶೋಧಕ. ಬೆಲೆ ಮಾತಾಡುವ ಮುಂಚೆ ತಾರೀಖು ಮಾತಾಡಬೇಕು. ನಿಮ್ಮ ವಿಷಯದಲ್ಲಿ ತಾರೀಖೇ ದುಡ್ಡು.

ಮೊದಲು ನಮ್ಮ ದೇಶದ ತೆರಿಗೆ. ನೀವು 2023ರ ನವೆಂಬರ್‌ನಲ್ಲಿ ಬಂದಿದ್ದೀರಿ. ಆ ಹಣಕಾಸು ವರ್ಷದಲ್ಲಿ ಇಲ್ಲಿ ಇದ್ದದ್ದು 182 ದಿನಕ್ಕಿಂತ ಕಡಿಮೆ. ಅದರ ಹಿಂದಿನ ನಾಲ್ಕು ವರ್ಷದಲ್ಲಿ ರಜೆಗೆ ಬಂದ ದಿನಗಳೆಲ್ಲ ಸೇರಿ 365 ಮುಟ್ಟಿಲ್ಲ ಅಂದರೆ ಆ ವರ್ಷ ನೀವು ಅನಿವಾಸಿ. 2024-25 ಮತ್ತು 2025-26 ಎರಡೂ ವರ್ಷ ನಿಮಗೆ ಆರ್‌ಎನ್‌ಓಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ ಅನ್ನುವ) ಸ್ಥಾನ ಸಿಗುತ್ತೆ. ಯಾಕೆ ಅಂದರೆ ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ ಅದು ಉಂಟು. ಈ ಸ್ಥಾನ ಇರುವಷ್ಟು ದಿನ ವಿದೇಶದಲ್ಲಿ ಹುಟ್ಟಿ, ವಿದೇಶದಲ್ಲೇ ಕೈಗೆ ಬಂದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಮನೆ ಮಾರಿದ ಲಾಭವೂ ಅದರಲ್ಲೇ ಬರುತ್ತೆ.

2026ರ ಮಾರ್ಚ್ 31 ದಾಟಿದರೆ ಆ ಸ್ಥಾನ ಹೋಗುತ್ತೆ. ಏಪ್ರಿಲ್ 1ರಿಂದ ನೀವು ಪೂರ್ತಿ ನಿವಾಸಿ. ಆಮೇಲೆ ಮಾರಿದರೆ ಲಾಭದ ಮೇಲೆ ಇಲ್ಲೂ 12.5 ಶೇಕಡಾ, ಅದರ ಮೇಲೆ ಸರ್‌ಚಾರ್ಜ್, ಸೆಸ್. ಅಮೆರಿಕಕ್ಕೆ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತೆ ಅನ್ನೋದು ನಿಜ. ಆದರೆ ಅಮೆರಿಕದಲ್ಲಿ ವಾಸದ ಮನೆಗೆ ಕೊಡುವ ವಿನಾಯಿತಿಯನ್ನು ನಮ್ಮ ಕಾನೂನು ಲೆಕ್ಕಕ್ಕೇ ತಗೊಳ್ಳಲ್ಲ. ಅಲ್ಲಿ ಉಳಿಸಿದ್ದಕ್ಕೆ ಇಲ್ಲಿ ಕಟ್ಟಬೇಕಾಗುತ್ತೆ.

ಹಾಗಾಗಿ 75 ದಿನ ಅನ್ನೋ ಮಾತು 100 ಆಗಿ, 130 ಆದರೆ ಏನಾಗುತ್ತೆ ಅಂತ ಮೊದಲು ನೋಡಿ.

ಹೇಮಾವತಿ_ತೀರ

ಸರ್, ಮಾರ್ಚ್ 31ರ ವಿಷಯ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷದಲ್ಲಿ ನಾವು ಬಂದದ್ದು ಕಮ್ಮಿ, ಕೊರೊನಾ ಬೇರೆ ಇತ್ತು. 365 ಖಂಡಿತ ಆಗಿಲ್ಲ. ಪಾಸ್‌ಪೋರ್ಟ್ ಮೊಹರು ಹಿಡಿದು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತೇನೆ.

ಅಮೆರಿಕದ ವಿನಾಯಿತಿ ನಮಗೆ ಸಿಗುತ್ತಾ? ನಾವೀಗ ಅಲ್ಲಿ ಇಲ್ಲವಲ್ಲ.

ಬೇ_ಏರಿಯಾ_ಬೇಲೂರು

ಅಕ್ಕ, ನಾನು ಬೇಲೂರಿನವನು, ಈಗ ಫ್ರೀಮಾಂಟ್‌ನಲ್ಲಿ ಇದ್ದೇನೆ. ಅಣ್ಣ ಊರಿಗೆ ವಾಪಸ್ ಹೋದಾಗ ಅವನ ಮನೆ ಮಾರಿಸಿದ್ದು ನಾನೇ. ಇಲ್ಲಿನ ಕಡೆಯದ್ದು ಹೇಳ್ತೀನಿ.

ವಿನಾಯಿತಿ ಸಿಗುತ್ತೆ. ಮಾರುವ ದಿನದಿಂದ ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಆ ಮನೆಯಲ್ಲಿ ನೀವೇ ವಾಸ ಮಾಡಿರಬೇಕು, ಅಷ್ಟೆ. 2023ರ ನವೆಂಬರ್‌ವರೆಗೆ ಇದ್ದವರಿಗೆ 2026ರ ನವೆಂಬರ್‌ವರೆಗೂ ಕಾಲ ಇದೆ. ಒಬ್ಬೊಬ್ಬರಿಗೆ 2.5 ಲಕ್ಷ ಡಾಲರ್ ಲಾಭ ತೆರಿಗೆ ಇಲ್ಲದೆ ಬಿಡುತ್ತಾರೆ. ಇಬ್ಬರ ಹೆಸರಲ್ಲಿ ಇರೋದರಿಂದ ಒಟ್ಟು 5 ಲಕ್ಷ. ಆದರೆ ಇಲ್ಲಿ ವಾಸ ಇಲ್ಲದವರು ಜಂಟಿ ರಿಟರ್ನ್ ಹಾಕೋ ಹಾಗಿಲ್ಲ. ನೀವಿಬ್ಬರೂ ಬೇರೆ ಬೇರೆ 1040-ಎನ್‌ಆರ್ (ಅನಿವಾಸಿಗಳ ರಿಟರ್ನ್) ಹಾಕಬೇಕು. ಬಾಡಿಗೆಗೆ ಕೊಟ್ಟ ಕಾಲದ ಸವಕಳಿಗೆ (ಮನೆ ಹಳೆಯದಾಗುತ್ತೆ ಅಂತ ಬಾಡಿಗೆ ಲೆಕ್ಕದಲ್ಲಿ ಕಳೆಯುವ ಮೊತ್ತ) ಮಾತ್ರ ವಿನಾಯಿತಿ ಇಲ್ಲ.

ಈಗ ನಿಜವಾದ ತಲೆನೋವು, ಫಿರ್ಪ್ಟಾ. 1980ರ ಕಾನೂನು. ಅಮೆರಿಕದಲ್ಲಿ ವಾಸ ಇಲ್ಲದ ವಿದೇಶಿಯರು ಮನೆ ಮಾರಿದರೆ, ಕೊಳ್ಳುವವನು ಬೆಲೆಯ 15 ಶೇಕಡಾ ಹಿಡಿದು ಐಆರ್‌ಎಸ್‌ಗೆ, ಅಂದರೆ ಇಲ್ಲಿನ ಆದಾಯ ತೆರಿಗೆ ಇಲಾಖೆಗೆ, ಕಟ್ಟಬೇಕು. ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಕೊಳ್ಳುವವನು ತಾನೇ ವಾಸಕ್ಕೆ ತಗೊಂಡರೆ 3 ಲಕ್ಷ ಡಾಲರ್‌ವರೆಗೆ ಹಿಡಿಯೋ ಹಾಗಿಲ್ಲ, 10 ಲಕ್ಷದವರೆಗೆ 10 ಶೇಕಡಾ. ನಿಮ್ಮ ಬೆಲೆಗೆ ಆ ರಿಯಾಯಿತಿ ಯಾವುದೂ ಇಲ್ಲ. 21.2 ಲಕ್ಷಕ್ಕೆ 3.18 ಲಕ್ಷ ಡಾಲರ್ ಹಿಡಿಯುತ್ತಾರೆ.

ಅದು ತೆರಿಗೆ ಅಲ್ಲ, ತೆರಿಗೆಯ ಮುಂಗಡ. ನಿಮ್ಮ ನಿಜವಾದ ತೆರಿಗೆ ಅದಕ್ಕಿಂತ ತುಂಬಾ ಕಮ್ಮಿ ಇರುತ್ತೆ. ಉಳಿದದ್ದು ವಾಪಸ್ ಬರುತ್ತೆ, ಆದರೆ ರಿಟರ್ನ್ ಹಾಕಿದ ಮೇಲೆ. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಈ ಡಿಸೆಂಬರ್ ಒಳಗೆ ಕ್ಲೋಸಿಂಗ್ (ದುಡ್ಡು, ಮನೆ ಕೈಬದಲಾಗಿ ಮಾರಾಟ ಮುಗಿಯೋದು) ಆದರೆ 2026ರ ಶುರುವಲ್ಲೇ ರಿಟರ್ನ್ ಹಾಕಬಹುದು. ಜನವರಿಗೆ ಜಾರಿದರೆ 2027ರವರೆಗೆ ಕಾಯಬೇಕು. ಶಾಂಘೈನವರ 75 ದಿನ ಎಲ್ಲಿಗೆ ಹೋಗಿ ಬೀಳುತ್ತೆ ನೋಡಿ.

ಇದಕ್ಕೆ ಒಂದು ದಾರಿ ಇದೆ. ಫಾರ್ಮ್ 8288-ಬಿ ಅಂತ. ನಮ್ಮ ನಿಜವಾದ ತೆರಿಗೆ ಇಷ್ಟೇ, ಅಷ್ಟೇ ಹಿಡಿಯಲು ಹೇಳಿ ಅಂತ ಐಆರ್‌ಎಸ್‌ಗೆ ಅರ್ಜಿ. ಕ್ಲೋಸಿಂಗ್ ದಿನ ಅಥವಾ ಅದಕ್ಕೂ ಮುಂಚೆ ಹಾಕಿರಬೇಕು. ಆಗ ಹಿಡಿದ ದುಡ್ಡನ್ನು ತಕ್ಷಣ ಕಳಿಸದೆ ಎಸ್ಕ್ರೋದಲ್ಲೇ (ಮಾರಾಟದ ದುಡ್ಡು ಹಿಡಿದುಕೊಳ್ಳುವ ಮೂರನೆಯವರ ಹತ್ತಿರ) ಇಟ್ಟುಕೊಳ್ಳುತ್ತಾರೆ. ಸಾಮಾನ್ಯವಾಗಿ 90 ದಿನದಲ್ಲಿ ಉತ್ತರ ಅಂತ ಹೇಳುತ್ತಾರೆ. ಉತ್ತರ ಬಂದ 20 ದಿನದಲ್ಲಿ ಲೆಕ್ಕ ಮುಗಿಯಬೇಕು. ಅರ್ಜಿ ಹಾಕದಿದ್ದರೆ ಕ್ಲೋಸಿಂಗ್ ಆದ 20 ದಿನಕ್ಕೆ ದುಡ್ಡು ಸೀದಾ ಐಆರ್‌ಎಸ್‌ಗೆ.

ರಾಜ್ಯದ್ದು ಬೇರೆ. ಕ್ಯಾಲಿಫೋರ್ನಿಯಾ ಬೆಲೆಯ 3.33 ಶೇಕಡಾ ಹಿಡಿಯುತ್ತೆ, ಹತ್ತಿರ 70 ಸಾವಿರ ಡಾಲರ್. ಆದರೆ ಐದರಲ್ಲಿ ಎರಡು ವರ್ಷ ವಾಸದ ಮನೆ ಅಂತ ಫಾರ್ಮ್ 593ರಲ್ಲಿ ಘೋಷಿಸಿದರೆ ಅದನ್ನು ಹಿಡಿಯದೆ ಬಿಡುತ್ತಾರೆ. ಎಸ್ಕ್ರೋದವರು ತಾವಾಗಿ ಹೇಳದೇ ಇರಬಹುದು. ಕೇಳಿ ಮಾಡಿಸಿಕೊಳ್ಳಿ.

ಕೊಪ್ಪದ_ಅಡಿಕೆ

ಬೇಲೂರಿನವರೇ, ಅಂದರೆ ಮಾರಿದ ದುಡ್ಡನ್ನು ಕೊಂಡವನೇ ಹಿಡ್ಕೊಂಡು ಸರ್ಕಾರಕ್ಕೆ ಕಟ್ಟೋದಾ? ಅವನು ಕಟ್ಟದೆ ಹೋದರೆ?

ಬೇ_ಏರಿಯಾ_ಬೇಲೂರು

ಕಟ್ಟದಿದ್ದರೆ ಅವನ ತಲೆಗೇ ಬರುತ್ತೆ ಅಣ್ಣ, ಮಾರಿದವರ ತೆರಿಗೆಗೆ ಅವನು ಹೊಣೆ. ಅದಕ್ಕೇ ಯಾರೂ ಇದರಲ್ಲಿ ಸುಮ್ನೆ ಬಿಡಲ್ಲ. ದುಡ್ಡು ಅವನ ಕೈಯಲ್ಲಿ ಇರೋದೂ ಇಲ್ಲ, ಎಸ್ಕ್ರೋ ಕಂಪನಿ ಹಿಡಿದು ಕಳಿಸುತ್ತೆ.

ಇಲ್ಲೇ ಇನ್ನೊಂದು ತೊಡಕು ಇದೆ. ಆ 8288-ಬಿ ಫಾರ್ಮ್‌ಗೆ ಕೊಳ್ಳುವವನ ಅಮೆರಿಕದ ತೆರಿಗೆ ಸಂಖ್ಯೆಯೂ ಬೇಕು. ಇಲ್ಲೇ ಕೆಲಸ ಮಾಡುವವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದೇ ಇರುತ್ತೆ. ಶಾಂಘೈನವರ ಹತ್ತಿರ ಏನೂ ಇಲ್ಲದಿದ್ದರೆ ಐಟಿಐಎನ್‌ಗೆ (ಆ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ) ಅರ್ಜಿ ಹಾಕಬೇಕು, ವಾರಗಟ್ಟಲೆ ಹಿಡಿಯುತ್ತೆ. ಅಕ್ಕ, ನಿಮ್ಮ ನಂಬರ್ ಯಾವುದು?

ಹೇಮಾವತಿ_ತೀರ

ಯಜಮಾನರದ್ದು ಸೋಷಿಯಲ್ ಸೆಕ್ಯುರಿಟಿ ನಂಬರ್. ನಾನು ಅವರ ಅವಲಂಬಿತಳಾಗಿ ಹೆಚ್-4 ವೀಸಾದಲ್ಲಿದ್ದೆ, ಕೆಲಸ ಮಾಡಿಲ್ಲ, ಐಟಿಐಎನ್ ಇದೆ. ಬಾಡಿಗೆಗೆ ರಿಟರ್ನ್ ಪ್ರತಿ ವರ್ಷ ಇಬ್ಬರೂ ಹಾಕಿದ್ದೇವೆ.

ಬೇ_ಏರಿಯಾ_ಬೇಲೂರು

ಹಾಗಾದರೆ ಸರಿ. ಸತತ ಮೂರು ವರ್ಷ ಬಳಸದಿದ್ದರೆ ಐಟಿಐಎನ್ ರದ್ದಾಗುತ್ತೆ. ನಿಮ್ಮದು ಜೀವಂತ ಇದೆ.

ಜಾವಗಲ್_ಮೆಲ್ಬರ್ನ್

ವಿದೇಶಿ ಗಿರಾಕಿ ಅಂದಕೂಡಲೇ ಒಂದು ಮಾತು ಸೇರಿಸ್ತೀನಿ. ಆ ದೇಶ ವಿದೇಶಿಯರಿಗೆ ಕೊಳ್ಳೋಕೆ ಬಿಡುತ್ತಾ ಅನ್ನೋದನ್ನು ಮೊದಲು ನೋಡಿ. ನಮ್ಮ ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ವಿದೇಶಿಯರು ಹಳೇ ಮನೆ ಕೊಳ್ಳೋ ಹಾಗೇ ಇಲ್ಲ, ಕೆಲವೇ ವಿನಾಯಿತಿ. ತಾತ್ಕಾಲಿಕ ವೀಸಾದವರೂ ಅದರಲ್ಲೇ ಬರುತ್ತಾರೆ. ಕೆನಡಾದಲ್ಲಿ 2023ರ ಜನವರಿಯಿಂದ ನಿಷೇಧ, 2027ರ ಶುರುವರೆಗೆ ಮುಂದುವರಿಸಿದ್ದಾರೆ. ನ್ಯೂಜಿಲೆಂಡ್ 2018ರಲ್ಲೇ ಬಿಗಿ ಮಾಡಿತು. ಸಿಂಗಾಪುರದಲ್ಲಿ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ 60 ಶೇಕಡಾ.

ಬೇ_ಏರಿಯಾ_ಬೇಲೂರು

ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ನಿಷೇಧ ಇಲ್ಲ, ರಾಜ್ಯ ರಾಜ್ಯಕ್ಕೆ ಬೇರೆ. ಫ್ಲೋರಿಡಾ 2023ರಲ್ಲಿ, ಟೆಕ್ಸಾಸ್ 2025ರಲ್ಲಿ ಚೀನಾದವರೂ ಸೇರಿದಂತೆ ಕೆಲವು ದೇಶದವರ ಖರೀದಿಗೆ ಕಾನೂನು ತಂದವು. ಕ್ಯಾಲಿಫೋರ್ನಿಯಾದಲ್ಲಿ ವಾಸದ ಮನೆಗೆ ಅಂಥ ತಡೆ ಇಲ್ಲ. ಅವರು ಕೊಳ್ಳಬಹುದು. ಪ್ರಶ್ನೆ ಇರೋದು ದುಡ್ಡು ಹೊರಗೆ ಬರೋದರಲ್ಲಿ. ಚೀನಾದಲ್ಲಿ ಒಬ್ಬರಿಗೆ ವರ್ಷಕ್ಕೆ 50 ಸಾವಿರ ಡಾಲರ್ ಮಿತಿ.

ಹಾಸನ_ಲೆಕ್ಕಿಗ

ನಮ್ಮಲ್ಲೂ ಮಿತಿ ಇದೆ, ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್. ಬೆಂಗಳೂರಿನ ಯಾರಾದರೂ ಈ ಮನೆಯನ್ನು ಇಲ್ಲಿನ ದುಡ್ಡಲ್ಲಿ ಕೊಳ್ಳೋಕೆ ಹೊರಟರೂ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಮಾತ್ರ ಕಳಿಸಲು ಆಗೋದು. ಆ 75 ದಿನದ ಹಿಂದೆ ಇಂಥದ್ದೇ ಏನೋ ಇದೆ ಅನ್ನಿಸುತ್ತೆ. ದುಡ್ಡು ಈಗಾಗಲೇ ಚೀನಾದಿಂದ ಹೊರಗೆ, ಅವರದೇ ಹೆಸರಲ್ಲಿ ಇದೆಯಾ ಅಂತ ಕಾಗದ ಕೇಳಿ. ಒಳ್ಳೆ ಗಿರಾಕಿ ಆದರೆ ಬೇಜಾರು ಮಾಡಿಕೊಳ್ಳಲ್ಲ.

ಮುಳ್ಳಯ್ಯನಗಿರಿ_ಮಂಜು (ಚಿಕ್ಕಮಗಳೂರು)

ನಾನು ವಯಸ್ಸಾದವನು, ಜಮೀನು ವ್ಯವಹಾರ ಮಾತ್ರ ಗೊತ್ತು. ಅಡ್ವಾನ್ಸ್ ಎಷ್ಟು ಕೊಟ್ಟರು ತಾಯಿ? ನಿಮ್ಮ ಕೈಗೆ ಬಂತಾ? ಮತ್ತೆ ರಿಜಿಸ್ಟ್ರೇಷನ್‌ಗೆ ನೀವು ಅಲ್ಲಿಗೆ ಹೋಗಬೇಕಲ್ಲ?

ಬೇ_ಏರಿಯಾ_ಬೇಲೂರು

ಸರ್, ಇಲ್ಲಿ ಅಡ್ವಾನ್ಸ್ ಮಾರುವವರ ಕೈಗೆ ಬರಲ್ಲ. ಎಸ್ಕ್ರೋ ಅಂತ ಮೂರನೆಯವರ ಹತ್ತಿರ ಇರುತ್ತೆ. ಸಾಮಾನ್ಯವಾಗಿ ಬೆಲೆಯ 3 ಶೇಕಡಾ. ತಾವೇ ವಾಸಕ್ಕೆ ಅಂತ ಒಪ್ಪಂದ ಮಾಡಿ, ಷರತ್ತುಗಳನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಕಾರಣ ಇಲ್ಲದೆ ಹಿಂದೆ ಸರಿದರೆ, ಒಪ್ಪಂದದಲ್ಲಿ ಆ ಕಲಂ ಇದ್ದರೆ ಮಾರುವವರಿಗೆ 3 ಶೇಕಡಾವರೆಗೆ ಉಳಿಯುತ್ತೆ. ಆದರೆ ಅದಕ್ಕೆ ಜಗಳ ಬಂದರೆ ಮನೆ ಸಿಕ್ಕಿಹಾಕಿಕೊಳ್ಳುತ್ತೆ.

ಸಬ್ ರಿಜಿಸ್ಟ್ರಾರ್ ಮುಂದೆ ಇಬ್ಬರೂ ಕೂತು ಹೆಬ್ಬೆಟ್ಟು ಒತ್ತುವ ಪದ್ಧತಿ ಇಲ್ಲಿಲ್ಲ. ಮಾರುವವರು ನೋಟರಿ ಮುಂದೆ ಡೀಡ್‌ಗೆ ಸಹಿ ಹಾಕುತ್ತಾರೆ. ಕಾಗದವನ್ನು ಕೌಂಟಿ ರೆಕಾರ್ಡರ್ ಕಚೇರಿಗೆ ಟೈಟಲ್ ಕಂಪನಿ ಸೇರಿಸುತ್ತೆ. ಇಸಿ ನೋಡುವ ಕೆಲಸವನ್ನೂ ಅವರೇ ಮಾಡಿ, ಹಕ್ಕಿನಲ್ಲಿ ಲೋಪ ಬಂದರೆ ಅಂತ ವಿಮೆಯನ್ನೂ ಕೊಡುತ್ತಾರೆ.

ಹೇಮಾವತಿ_ತೀರ

ಮಂಜು ಸರ್, ನಾವು ಹೋಗಬೇಕಾಗಿಲ್ಲ ಅಂತ ಗೊತ್ತಾಯಿತು. ಇಲ್ಲಿಂದ ಸಹಿ ಹೇಗೆ ಅನ್ನೋದೇ ಈಗ ಪ್ರಶ್ನೆ. ಸಕಲೇಶಪುರದ ನೋಟರಿ ಸಾಕಾಗುತ್ತಾ?

ಹಾಸನ_ಲೆಕ್ಕಿಗ

ಬರೀ ನೋಟರಿ ಮೊಹರು ಸಾಕಾಗಲ್ಲ. ಎರಡು ದಾರಿ ಇದೆ. ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ಗೆ ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ ಅಲ್ಲಿನ ನೋಟರಿ ಅಧಿಕಾರಿಯ ಮುಂದೆ ಸಹಿ ಹಾಕೋದು. ಒಂದು ಮೊಹರಿಗೆ 50 ಡಾಲರ್. ಇಬ್ಬರೂ ಹೋಗಬೇಕು, ಪಾಸ್‌ಪೋರ್ಟ್ ಬೇಕು, ಸಹಿಯನ್ನು ಮುಂಚೆ ಹಾಕಿಕೊಂಡು ಹೋಗಬಾರದು. ಇನ್ನೊಂದು, ಇಲ್ಲಿನ ನೋಟರಿ ಮುಂದೆ ಸಹಿ ಮಾಡಿ, ರಾಜ್ಯದ ದೃಢೀಕರಣ ಆದ ಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ದೃಢೀಕರಣ ಮೊಹರು) ಮಾಡಿಸೋದು. ನಮ್ಮ ದೇಶ 2005ರಿಂದ ಆ ಒಪ್ಪಂದದಲ್ಲಿದೆ, ಅಮೆರಿಕವೂ ಇದೆ. ಯಾವುದನ್ನು ಒಪ್ಪುತ್ತಾರೆ, ಕಾಗದದ ಒಕ್ಕಣೆ ಹೇಗಿರಬೇಕು ಅಂತ ಟೈಟಲ್ ಕಂಪನಿಯಿಂದ ಮೊದಲೇ ಬರೆಸಿ ತರಿಸಿಕೊಳ್ಳಿ. ಅವರು ಒಪ್ಪದಿದ್ದರೆ ಎಷ್ಟು ಮೊಹರು ಇದ್ದರೂ ಉಪಯೋಗ ಇಲ್ಲ.

ಯಜಮಾನರು ಕುಯ್ಲಿನ ಮಧ್ಯೆ ತೋಟ ಬಿಟ್ಟು ಬರೋಕೆ ಆಗಲ್ಲ ಅಂತ ಪವರ್ ಆಫ್ ಅಟಾರ್ನಿ ಮಾಡುವ ಯೋಚನೆ ಇದ್ದರೆ ಅದಕ್ಕೂ ಇದೇ ದಾರಿ. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರೂ ಒಂದೇ ಸಲ ಚೆನ್ನೈಗೆ ಹೋಗಿ ಬಂದುಬಿಡಿ.

ಕೊಪ್ಪದ_ಅಡಿಕೆ

ಲೆಕ್ಕಿಗರೇ, ಒಂದು ಪ್ರಶ್ನೆ. ಏಪ್ರಿಲ್ ದಾಟಿ ಮಾರಿದರೂ ಆ ದುಡ್ಡಲ್ಲಿ ಇಲ್ಲಿ ತೋಟ ತಗೊಂಡರೆ ತೆರಿಗೆ ಉಳಿಯಲ್ವಾ? ಮೂಡಿಗೆರೆ ಕಡೆ ಒಳ್ಳೊಳ್ಳೆ ತೋಟ ಮಾರಾಟಕ್ಕಿವೆ.

ಹಾಸನ_ಲೆಕ್ಕಿಗ

ತೋಟಕ್ಕೆ ಉಳಿಯಲ್ಲ. ವಾಸದ ಮನೆ ಮಾರಿದ ಲಾಭವನ್ನು ವಾಸದ ಮನೆಗೇ ಹಾಕಬೇಕು, ಅದೂ ಭಾರತದಲ್ಲಿ ಇರುವ ಮನೆಗೆ, 10 ಕೋಟಿ ರೂಪಾಯಿವರೆಗೆ. ಮಾರಿದ ಮನೆ ಎಲ್ಲಿದ್ದರೂ ಪರವಾಗಿಲ್ಲ. ತೋಟದೊಳಗಿನ ಬಂಗಲೆಯ ಪಾಲನ್ನು ತೋರಿಸ್ತೀನಿ ಅಂತ ಬರುವವರಿದ್ದಾರೆ. ಆ ಜಗಳಕ್ಕೆ ಬೀಳೋದು ಬೇಡ ಅಂತಲೇ ನಾನು ಹೇಳೋದು.

ಈ ಮೇಡಂ ಭಾರತದ ಪ್ರಜೆ, ಇಲ್ಲೇ ವಾಸ. ತೋಟ ಕೊಳ್ಳೋಕೆ ಅಡ್ಡಿ ಇಲ್ಲ. ಅಮೆರಿಕದ ಪೌರತ್ವ ತಗೊಂಡು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಗಮನಿಸಿ. ನೀವು ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳೋ ಹಾಗಿಲ್ಲ. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ನಮ್ಮ ಎರಡೂ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದೆ ಅಗ್ರಿಮೆಂಟ್‌ವರೆಗೆ ಹೋದವರನ್ನು ನೋಡಿದ್ದೇನೆ.

ಹೇಮಾವತಿ_ತೀರ

ಇವತ್ತಿನ ಸುದ್ದಿ ಹೇಳ್ತೀನಿ. ಶಾಂಘೈನವರ ಏಜೆಂಟ್‌ಗೆ ಮೂರು ವಿಷಯ ಕೇಳಿದೆವು. ದುಡ್ಡು ಎಲ್ಲಿದೆ ಅನ್ನೋದಕ್ಕೆ ಬ್ಯಾಂಕ್ ಪತ್ರ, ತೆರಿಗೆ ಸಂಖ್ಯೆ ಇದೆಯಾ, ಜನವರಿ 31ಕ್ಕೆ ಮುಗಿಸಲು ಒಪ್ಪುತ್ತೀರಾ. ಬಂದ ಪತ್ರದಲ್ಲಿ ಅಮೆರಿಕದ ಖಾತೆಯಲ್ಲಿ ಇರೋದು ಕಾಲು ಭಾಗ ಮಾತ್ರ. ಉಳಿದದ್ದು ಚೀನಾದಲ್ಲಿ, ಅಣ್ಣ ತಮ್ಮಂದಿರ ಹೆಸರಲ್ಲಿ. ತೆರಿಗೆ ಸಂಖ್ಯೆ ಇಲ್ಲ. ತಾರೀಖು ಗಟ್ಟಿ ಹೇಳೋಕೆ ಆಗಲ್ಲ ಅಂದರು. ಮರ್ಯಾದೆಯಾಗೇ ಮಾತಾಡಿದರು, ಸುಳ್ಳು ಹೇಳಲಿಲ್ಲ. ಆ ತಾಯಿ ಮಗಳಿಗೋಸ್ಕರ ಎಷ್ಟು ಕಷ್ಟಪಡುತ್ತಿದ್ದಾರೆ ಅನ್ನೋದು ಪತ್ರದಲ್ಲೇ ಕಾಣುತ್ತಿತ್ತು. ನನಗೆ ನಿಜಕ್ಕೂ ಬೇಜಾರಾಯಿತು.

ಯಜಮಾನರ ಹತ್ತಿರ ರಾತ್ರಿ ಕೂತು ಮಾತಾಡಿದೆ. ಊರಿನ ದಂಪತಿಗೆ ಹೇಳಿ ಕಳಿಸಿದೆವು. ಅವರು 25 ಸಾವಿರ ಏರಿಸಿ 20.65 ಲಕ್ಷಕ್ಕೆ ಒಪ್ಪಿದ್ದಾರೆ. ಡಿಸೆಂಬರ್ 18ಕ್ಕೆ ಕ್ಲೋಸಿಂಗ್. ಶಾಂಘೈನವರದ್ದು ಬ್ಯಾಕಪ್ ಆಫರ್ ಆಗಿ ಇರುತ್ತೆ. ಅದಕ್ಕೆ ಅವರೂ ಒಪ್ಪಿದರು.

ಕೊಪ್ಪದ_ಅಡಿಕೆ

ಅಕ್ಕ, ಕಾಲು ಭಾಗ ಮಾತ್ರ ಇದೆ ಅಂದಮೇಲೆ ನೀವು ಮಾಡಿದ್ದೇ ಸರಿ. ಆದರೂ 55 ಸಾವಿರ ಡಾಲರ್ ಕಮ್ಮಿಗೆ ಕೊಡೋದು ಹೊಟ್ಟೆ ಉರಿಯುತ್ತೆ.

ಹಾಸನ_ಲೆಕ್ಕಿಗ

20.65 ಲಕ್ಷಕ್ಕೆ ಫಿರ್ಪ್ಟಾ ಹತ್ತಿರ ಹತ್ತಿರ 3.1 ಲಕ್ಷ. ಅದಕ್ಕೆ 8288-ಬಿ ಈಗಲೇ ತಯಾರು ಮಾಡಿಸಿ. ಕೊಂಡ ಬೆಲೆಯ ಕಾಗದ, ಮನೆಗೆ ಹಾಕಿದ ದೊಡ್ಡ ಖರ್ಚಿನ ಬಿಲ್‌ಗಳು, ಸವಕಳಿ ತೋರಿಸಿದ ರಿಟರ್ನ್ ಎಲ್ಲ ಅದಕ್ಕೆ ಬೇಕು. ಅಡುಗೆಮನೆ, ಛಾವಣಿ ಏನಾದರೂ ಮಾಡಿಸಿದ್ದರೆ ಆ ಬಿಲ್ ಹುಡುಕಿ.

ಇನ್ನು ದುಡ್ಡು. ಅದನ್ನು ಮೊದಲು ಅಮೆರಿಕದ ನಿಮ್ಮ ಖಾತೆಗೇ ಹಾಕಿಸಿ. ಎಸ್ಕ್ರೋದಿಂದ ಸೀದಾ ಹಾಸನದ ಖಾತೆಗೆ ತರಿಸಬೇಡಿ. ಆದಾಯ ಮೊದಲು ಭಾರತದಲ್ಲಿ ಕೈಗೆ ಬಂತು ಅಂತಾದರೆ ಆರ್‌ಎನ್‌ಓಆರ್ ಅನುಕೂಲಕ್ಕೇ ಪ್ರಶ್ನೆ ಬರುತ್ತೆ. ಆಮೇಲೆ ಇಲ್ಲಿಗೆ ತರುವಾಗ ಆರ್‌ಎಫ್‌ಸಿ ಖಾತೆ (ವಾಪಸ್ ಬಂದವರ ವಿದೇಶಿ ಕರೆನ್ಸಿ ಖಾತೆ) ತೆರೆದು ಡಾಲರ್‌ನಲ್ಲೇ ಇಡಬಹುದು. ಅಲ್ಲೇ ಉಳಿಸಿದರೆ ಪೂರ್ತಿ ನಿವಾಸಿ ಆದ ವರ್ಷದಿಂದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಪಟ್ಟಿಯಲ್ಲಿ ಆ ಖಾತೆ ತೋರಿಸಲೇಬೇಕು. 2015ರ ಕಪ್ಪುಹಣ ಕಾನೂನಿನಲ್ಲಿ ದಂಡ 10 ಲಕ್ಷ ರೂಪಾಯಿ.

ಬೇ_ಏರಿಯಾ_ಬೇಲೂರು

ಖಾತೆ ನಂಬರ್ ಕೊಡುವಾಗ ಇಮೇಲ್ ನಂಬಬೇಡಿ ಅಕ್ಕ. ಕ್ಲೋಸಿಂಗ್ ಹತ್ತಿರ ಬಂದಾಗ ಎಸ್ಕ್ರೋದವರ ಹಾಗೇ ಮೇಲ್ ಕಳಿಸಿ, ಖಾತೆ ಬದಲಾಗಿದೆ ಅನ್ನುವ ಕಳ್ಳರು ಜಾಸ್ತಿ. ಮೊದಲಿಂದ ನಿಮ್ಮ ಹತ್ತಿರ ಇರುವ ಫೋನ್ ನಂಬರ್‌ಗೇ ಕರೆ ಮಾಡಿ, ಧ್ವನಿ ಕೇಳಿ, ಖಾತೆ ನಂಬರ್ ಓದಿಸಿಕೊಳ್ಳಿ. ನಿಮ್ಮ ರಾತ್ರಿ ಹತ್ತೂವರೆಗೆ ಇಲ್ಲಿ ಬೆಳಗ್ಗೆ ಒಂಬತ್ತು, ಕಚೇರಿ ತೆರೆದಿರುತ್ತೆ.

ಸೋಮವಾರ_ಸಂತೆ (ಅರಸೀಕೆರೆ)

ನಮ್ಮ ತಮ್ಮ ಮೆಲ್ಬರ್ನ್‌ನಲ್ಲಿದ್ದಾನೆ. ಮುಂದಿನ ವರ್ಷ ಪೂರ್ತಿ ಬಂದುಬಿಡ್ತಾನಂತೆ. ಮನೆ ಬಾಡಿಗೆಗೆ ಕೊಟ್ಟು ಬಂದು, ನಿಧಾನಕ್ಕೆ ಇಲ್ಲಿಂದ ಮಾರೋಣ ಅಂತಿದ್ದಾನೆ. ಅಲ್ಲೂ ಹಿಂಗೇನಾ?

ಜಾವಗಲ್_ಮೆಲ್ಬರ್ನ್

ಅಲ್ಲ, ಇಲ್ಲಿ ಇನ್ನೂ ಬಿಗಿ. ತೆರಿಗೆ ಲೆಕ್ಕದಲ್ಲಿ ವಿದೇಶಿ ಆದಮೇಲೆ ಮಾರಿದರೆ ವಾಸದ ಮನೆಯ ವಿನಾಯಿತಿಯೇ ಹೋಗುತ್ತೆ. 2020ರ ಜುಲೈಯಿಂದ ಹೀಗೇ ಇದೆ. ಹತ್ತಾರು ವರ್ಷ ಅದೇ ಮನೆಯಲ್ಲಿ ಇದ್ದರೂ ಅಷ್ಟೆ. ದೊಡ್ಡ ಕಾಯಿಲೆ, ಸಾವು, ವಿಚ್ಛೇದನದಂಥ ಕಾರಣಕ್ಕೆ ಮಾತ್ರ ಸ್ವಲ್ಪ ರಿಯಾಯಿತಿ. ಜೊತೆಗೆ 2025ರ ಜನವರಿಯಿಂದ ಬೆಲೆ ಎಷ್ಟೇ ಇರಲಿ 15 ಶೇಕಡಾ ಹಿಡಿಯುತ್ತಾರೆ. ವಿಮಾನ ಹತ್ತುವ ಮುಂಚೆಯೇ ಒಪ್ಪಂದಕ್ಕೆ ಸಹಿ ಹಾಕಲಿ. ಇಲ್ಲಿ ಲೆಕ್ಕಕ್ಕೆ ಬರೋದು ಒಪ್ಪಂದದ ದಿನ, ದುಡ್ಡು ಬಂದ ದಿನ ಅಲ್ಲ.

ಸೋಮವಾರ_ಸಂತೆ

ಅಯ್ಯೋ, ಇವತ್ತೇ ಫೋನ್ ಮಾಡ್ತೀನಿ.

ಹೇಮಾವತಿ_ತೀರ

ಚೆನ್ನೈ ಅಪಾಯಿಂಟ್‌ಮೆಂಟ್ ಸಿಕ್ಕಿತು, ಡಿಸೆಂಬರ್ ಮೊದಲ ವಾರ. ಟೈಟಲ್ ಕಂಪನಿಯವರು ಡೀಡ್ ಒಕ್ಕಣೆ ಕಳಿಸಿದ್ದಾರೆ. 8288-ಬಿಗೆ ಅಲ್ಲಿನ ಸಿಪಿಎ (ಲೆಕ್ಕಪರಿಶೋಧಕರು) ಕೂತಿದ್ದಾರೆ. ಛಾವಣಿಯ ಬಿಲ್ ಸಿಕ್ಕಿತು, ಅಡುಗೆಮನೆಯದ್ದು ಹುಡುಕುತ್ತಿದ್ದೇನೆ. ಲೆಕ್ಕಿಗ ಸರ್, ದುಡ್ಡು ಕೊಟ್ಟದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಇದ್ದರೆ ನಡೆಯುತ್ತಾ?

ಹಾಸನ_ಲೆಕ್ಕಿಗ

ಸ್ಟೇಟ್‌ಮೆಂಟ್ ಜೊತೆ ಕೆಲಸ ಮಾಡಿದವರ ಕೊಟೇಷನ್ ಅಥವಾ ನಗರಸಭೆಯ ಪರ್ಮಿಟ್ ಇದ್ದರೆ ಗಟ್ಟಿ. ಪರ್ಮಿಟ್ ತಗೊಂಡು ಮಾಡಿಸಿದ್ದರೆ ಅದರ ದಾಖಲೆ ಸನ್ನಿವೇಲ್ ನಗರದ ಕಚೇರಿಯಲ್ಲಿ ಇರಬೇಕು. ನಿಮ್ಮ ಏಜೆಂಟ್‌ಗೆ ಹೇಳಿ ತೆಗೆಸಿ.